ನಮ್ಮಲ್ಲಿ ರೇಸಿಂಗ್ ಸೈಕಲ್ ಯಾಕೆ ಹುಟ್ಟಲಿಲ್ಲ? ಒಂದು ಇಟಾಲಿಯನ್ ಫ್ರೇಮು, ಬೋರ್ ಘಾಟು ಮತ್ತು ನಮ್ಮ ಕಾಕಾ

ವಿಡಿಯೋ ನೋಡೋಕೆ ಪುರಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಲ್ಲಿ ನೆಟ್‌ವರ್ಕ್ ಸಿಗದವರಿಗೆ ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.

ಈ ಸಲ ಕೋಟೆ, ಶಾಸನ, ರಾಜವಂಶ ಯಾವುದೂ ಇಲ್ಲ. ಮಾಜಿವಾಡಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತಿರೋ ಒಂದು ಸೈಕಲ್ಲಿನಿಂದ ಶುರು ಮಾಡೋಣ. ಕೆಳಗೆ ನೋಡಿದರೆ ಫ್ಲೈಓವರು, ಘೋಡಬಂದರ್ ರೋಡಿಗೆ ತಿರುಗೋ ಲಾರಿಗಳು. ಬಾಲ್ಕನಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಈ ಸೈಕಲ್. ಕೆಲವು ವರ್ಷದ ಹಿಂದೆ ಮಿಲಾನ್‌ಗೆ ಮೂರು ತಿಂಗಳು ಆನ್‌ಸೈಟ್ ಹೋಗಿದ್ದೆ. ಅಲ್ಲಿ ಒಂದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಬರೀ ಫ್ರೇಮು ಮತ್ತು ಮುಂದಿನ ಫೋರ್ಕ್ ಸಿಕ್ಕಿತು. ಬಣ್ಣ ಅರ್ಧ ಹೋಗಿತ್ತು, ಕಂಪನಿ ಹೆಸರು ಎಲ್ಲೂ ಇರಲಿಲ್ಲ. ಸೀಟಿನ ಕೆಳಗಿನ ಕೊಳವೆ ಮೇಲೆ ಮಾತ್ರ ಸವೆದುಹೋದ ಒಂದು ಪಾರಿವಾಳದ ಸ್ಟಿಕ್ಕರ್ ಇತ್ತು.

ಆ ಪಾರಿವಾಳ ಕೊಲಂಬಸ್ ಕಂಪನಿಯ ಗುರುತು. ಅಮೆರಿಕಕ್ಕೆ ಹೋದ ಕೊಲಂಬಸ್ ಅಲ್ಲ. ಆಂಜೆಲೋ ಲುಯಿಜಿ ಕೊಲೊಂಬೋ ಅನ್ನೋರು 1919ರಲ್ಲಿ ಮಿಲಾನ್‌ನಲ್ಲಿ ಶುರು ಮಾಡಿದ ಉಕ್ಕಿನ ಕೊಳವೆ ಕಾರ್ಖಾನೆ. ಇಟಾಲಿಯನ್ ಭಾಷೆಯಲ್ಲಿ ಕೊಲೊಂಬೋ ಅಂದರೆ ಪಾರಿವಾಳ. ಇಟಲಿಯ ಹೆಸರಾಂತ ರೇಸಿಂಗ್ ಸೈಕಲ್‌ಗಳಲ್ಲಿ ಬಹಳಷ್ಟು ಇವರ ಕೊಳವೆಗಳಿಂದಲೇ ಆದವು. ಹೆಸರಿಲ್ಲದ ಫ್ರೇಮಿನ ಕೊಳವೆ ಯಾವುದು ಅಂತ ಪರೀಕ್ಷೆ ಮಾಡೋಕೆ ಒಂದು ಸುಲಭ ದಾರಿ ಇದೆ: ಸೀಟಿನ ಕಂಬ ಯಾವ ಅಳತೆಯದು ಹಿಡಿಸುತ್ತೆ ಅಂತ ನೋಡೋದು. ನನ್ನದರಲ್ಲಿ 27.2 ಮಿಲಿಮೀಟರ್ ಸರಿಯಾಗಿ ಕೂತಿತು. ಅಂದರೆ ಒಳ್ಳೇ, ತೆಳು ಗೋಡೆಯ ಕೊಳವೆ. ಕೇಬಲ್ ಹಿಡಿಯೋ ಕೊಂಡಿಗಳನ್ನ ಬೆಸುಗೆ ಹಾಕದೆ ಪಟ್ಟಿ ಸುತ್ತಿ ಕಟ್ಟುವಂತೆ ಬಿಟ್ಟಿದ್ದರಿಂದ ಸುಮಾರು 1970ರ ದಶಕದ್ದು ಅಂತ ಅಂದಾಜು ಮಾಡಿದೆ.

ವಾಪಸ್ ಬಂದ ಮೇಲೆ ಎರಡು ಮಳೆಗಾಲ ಅದು ಮಂಚದ ಕೆಳಗೇ ಇತ್ತು. ಠಾಣೆಯ ಮಳೆಗಾಲ ಉಕ್ಕಿಗೆ ಏನು ಮಾಡುತ್ತೆ ಅಂತ ನಿಮಗೆ ಗೊತ್ತು. ಕೊನೆಗೆ ಒಂದು ಶನಿವಾರ ಬಿಚ್ಚೋಕೆ ಕೂತೆ. ಪೆಡಲ್ ಆ್ಯಕ್ಸಲ್ ತಿರುಗೋ ಜಾಗ ಇದೆಯಲ್ಲ, ನಮ್ಮ ಮಿಸ್ತ್ರಿಗಳು ಬಿ.ಬಿ. ಅಂತಾರೆ. ಅದರ ಎರಡೂ ಬದಿಗೆ ಒಂದೊಂದು ಕಪ್ಪು ಇರುತ್ತೆ. ಎಡಗಡೆಯದು ಬಂತು. ಬಲಗಡೆಯದು ಜಪ್ಪಯ್ಯ ಅನ್ನಲಿಲ್ಲ. ಬಲಗಡೆ ಕಪ್ಪು ಉಲ್ಟಾ ಥ್ರೆಡ್ಡು, ಪ್ರದಕ್ಷಿಣೆ ದಿಕ್ಕಿಗೆ ತಿರುಗಿಸಿದರೆ ಸಡಿಲ ಆಗುತ್ತೆ ಅಂತ ಚಿಕ್ಕಂದಿನಲ್ಲಿ ಜಮಖಂಡಿಯಲ್ಲಿ ಕಾಕಾ ಕಲಿಸಿದ್ದು ನೆನಪಿತ್ತು. ಪಾನಾಕ್ಕೆ ಎರಡಡಿ ಪೈಪು ಸಿಕ್ಕಿಸಿ ಹಾಗೇ ತಿರುಗಿಸಿದೆ. ಸ್ವಲ್ಪ ಅಲುಗಾಡಿದ ಹಾಗಾಯ್ತು, ಖುಷಿಯಾಯ್ತು, ಇನ್ನೂ ಜೋರು ಹಾಕಿದೆ. ಪಾನಾ ಜಾರಿ ಕಪ್ಪಿನ ಮೂಲೆ ತಿಂದು, ಫ್ರೇಮಿನ ಬಣ್ಣ ಕೆತ್ತಿ, ನನ್ನ ಗೆಣ್ಣು ಸುಲಿದು ನಿಂತಿತು.

ಆಮೇಲೆ ಓದಿದಾಗ ಗೊತ್ತಾಯ್ತು. ಇಟಲಿಯವರದು ಎರಡೂ ಕಡೆ ನೇರ ಥ್ರೆಡ್ಡೇ. ನಾನು ಅಷ್ಟು ಹೊತ್ತು ಬಿಚ್ಚಿರಲಿಲ್ಲ, ಬಿಗಿ ಮಾಡಿದ್ದೆ.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಡಿಫಾಲ್ಟ್ ವ್ಯಾಲ್ಯೂ ಎಲ್ಲ ಕಡೆ ಒಂದೇ ಅಂದುಕೊಂಡು ಪ್ರೊಡಕ್ಷನ್‌ನಲ್ಲಿ ಸಿಕ್ಕಿಬೀಳೋದು. ಆದರೆ ನನ್ನ ತಲೆಯಲ್ಲಿ ಆ ಡಿಫಾಲ್ಟ್ ಕೂರಿಸಿದ್ದು ಯಾರು? ಜಮಖಂಡಿಯ ಸೈಕಲ್ ಅಂಗಡಿಯಲ್ಲಿ ಬಲಗಡೆ ಕಪ್ಪು ಉಲ್ಟಾ ತಿರುಗಬೇಕು ಅಂತ ತೀರ್ಮಾನ ಮಾಡಿದವರು ಯಾರು? ಆ ಪ್ರಶ್ನೆ ಹಿಡಿದುಕೊಂಡು ಹೋದಾಗ ಸಿಕ್ಕ ಇತಿಹಾಸ ಇವತ್ತು ಹೇಳ್ತೀನಿ.

ಬರ್ಮಿಂಗ್‌ಹ್ಯಾಮ್‌ನ ಡಿಫಾಲ್ಟು

ಮೊದಲು ಯಂತ್ರದ ಮಾತು ಮುಗಿಸೋಣ. ನಾವು ಪೆಡಲ್ ತುಳಿದಾಗ ಬೇರಿಂಗಿನ ಗುಂಡುಗಳು ಕಪ್ಪಿನ ಒಳಗೋಡೆ ಮೇಲೆ ಉರುಳ್ತವೆ. ಹಾಗೆ ಉರುಳುವ ಒತ್ತಡ ಕಪ್ಪನ್ನ ನಿಧಾನಕ್ಕೆ, ತುಳಿತದ ವಿರುದ್ಧ ದಿಕ್ಕಿಗೆ ತಿರುಗಿಸೋಕೆ ನೋಡುತ್ತೆ. ಬಲಗಡೆ ನೇರ ಥ್ರೆಡ್ಡಿದ್ದರೆ ಅದು ತನ್ನಷ್ಟಕ್ಕೆ ಸಡಿಲ ಆಗ್ತಾ ಹೋಗುತ್ತೆ. ಇಂಗ್ಲಿಷರು ಇದಕ್ಕೆ ಬಲಗಡೆ ಉಲ್ಟಾ ಥ್ರೆಡ್ಡು ಕೊಟ್ಟರು. ತುಳಿದಷ್ಟೂ ಬಿಗಿ. ಅಳತೆ 1.37 ಇಂಚು, ಇಂಚಿಗೆ 24 ಥ್ರೆಡ್ಡು. ಇಟಲಿಯವರದು 36 ಮಿಲಿಮೀಟರ್, ಇಂಚಿಗೆ ಅದೇ 24 ಥ್ರೆಡ್ಡು! ವ್ಯಾಸ ಮಿಲಿಮೀಟರಿನಲ್ಲಿ, ಥ್ರೆಡ್ಡು ಇಂಚಿನಲ್ಲಿ. ಹಳೇ ಕೋಡಿನ ಮೇಲೆ ಹೊಸ ಕೋಡು ಬರೆದಹಾಗೆ. ಎರಡೂ ಕಡೆ ನೇರ ಥ್ರೆಡ್ಡು. ಬಹಳ ಬಿಗಿಯಾಗಿ ಕೂರಿಸದಿದ್ದರೆ ಬಲಗಡೆಯದು ಸಡಿಲಾಗುತ್ತೆ. ಅಂದರೆ ಈ ಒಂದು ವಿಷಯದಲ್ಲಿ ನಮ್ಮೂರಿನ ಹಾಲಿನವನ ಸೈಕಲ್ಲೇ ಹೆಚ್ಚು ಬುದ್ಧಿವಂತ.

ನಮ್ಮೂರಿಗೆ ಬಂದದ್ದು ಇಂಗ್ಲಿಷ್ ಅಳತೆ, ಯಾಕಂದರೆ ಸೈಕಲ್ಲೂ ಇಂಗ್ಲೆಂಡಿನಿಂದಲೇ ಬಂತು. ರ‍್ಯಾಲೇ, ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್, ರಡ್ಜ್, ಹಂಬರ್. ನಮ್ಮ ಅಜ್ಜಂದಿರು ಈ ಹೆಸರುಗಳನ್ನ ಮನೆತನದ ಹೆಸರಿನ ಹಾಗೆ ಹೇಳ್ತಿದ್ದರು. ದೇಶದೊಳಗೆ ತಯಾರಿಕೆ ಶುರುವಾದದ್ದು ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ. ಕಲ್ಕತ್ತಾ, ಪಾಟ್ನಾಗಳ ಜೊತೆಗೆ ಇಲ್ಲೇ ಮುಂಬೈನ ವರಳಿಯಲ್ಲಿ 1939ರಲ್ಲಿ ಹಿಂದ್ ಸೈಕಲ್ಸ್. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಮುರುಗಪ್ಪ ಮನೆತನ ಮತ್ತು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸೇರಿ ಟಿಐ ಸೈಕಲ್ಸ್. ಅಸನ್ಸೋಲ್ ಹತ್ತಿರ ಸೆನ್-ರ‍್ಯಾಲೇ. 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್. 1956ರಲ್ಲಿ ಲುಧಿಯಾನದಲ್ಲಿ ಹೀರೋ. ಮಾಲೀಕರು ಬೇರೆ ಬೇರೆ, ಆದರೆ ಅಚ್ಚು ಒಂದೇ: ಇಂಗ್ಲಿಷ್ ರೋಡ್‌ಸ್ಟರ್. ಕಪ್ಪು ಬಣ್ಣ, ಕಡ್ಡಿ ಬ್ರೇಕು, ದಪ್ಪ ಉಕ್ಕು, 28 ಇಂಚಿನ ಗಾಲಿ, ಕಾಟರ್ ಪಿನ್ನಿನ ಪೆಡಲ್ ಕ್ರ್ಯಾಂಕು. ಹಿಂದೆ ಎರಡು ಹಾಲಿನ ಕ್ಯಾನು, ಮುಂದೆ ಒಂದು ಮಗು, ನಡುವೆ ಅಪ್ಪ. ಎಲ್ಲ ಸೇರಿ ಮಣ್ಣು ರಸ್ತೆ ಮೇಲೆ ಹೋಗಬೇಕು. ಅದಕ್ಕೆ ಇದಕ್ಕಿಂತ ಒಳ್ಳೇ ಯಂತ್ರ ಇರಲಿಲ್ಲ, ಅದನ್ನ ಒಪ್ಪಲೇಬೇಕು.

ಇಲ್ಲಿ ಒಂದು ವಿಚಿತ್ರ ನೋಡಿ. ರೇಸಿಂಗ್ ಸೈಕಲ್ಲಿನ ಗುಟ್ಟು ಅಂದರೆ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರೋ ಕೊಳವೆ. ಬೆಸುಗೆ ಬೀಳೋದು ತುದಿಗೆ, ಅಲ್ಲಿ ದಪ್ಪ ಬೇಕು. ನಡುವೆ ದಪ್ಪ ಬೇಡ. ಕೊಲಂಬಸ್‌ನ ಎಸ್‌ಎಲ್ ಅನ್ನೋ ಕೊಳವೆ ತುದಿಯಲ್ಲಿ 0.9 ಮಿಲಿಮೀಟರ್, ನಡುವೆ 0.6. ಅಂದರೆ ನಡುವಿನ ಗೋಡೆ ಒಂದು ಮಿಲಿಮೀಟರೂ ಇಲ್ಲ. ಆದರೆ ಇಂಥ ಕೊಳವೆಗೆ ಪೇಟೆಂಟ್ ತಗೊಂಡಿದ್ದು ಇಟಲಿಯವರಲ್ಲ, ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ರೆನಾಲ್ಡ್ಸ್, 1897ರಲ್ಲಿ. 1935ರಲ್ಲಿ ಬಂದ ಅದೇ ರೆನಾಲ್ಡ್ಸ್‌ನ 531 ಕೊಳವೆ ದಶಕಗಳ ಕಾಲ ಯುರೋಪಿನ ರೇಸುಗಳನ್ನ ಆಳಿತು. ಆ ಹೊತ್ತಿಗೆ ರೆನಾಲ್ಡ್ಸ್ ಯಾರ ಕೈಯಲ್ಲಿತ್ತು? ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕೈಯಲ್ಲಿ. ಅಂಬತ್ತೂರಿಗೆ ಬಂದ ಅದೇ ಟಿಐ. ಅಂದರೆ ಜಗತ್ತಿನ ಅತ್ಯುತ್ತಮ ರೇಸಿಂಗ್ ಕೊಳವೆ ಮಾಡುತ್ತಿದ್ದ ಮನೆಯೇ ನಮ್ಮ ಮನೆ ಬಾಗಿಲಿಗೆ ಬಂದಿತ್ತು. ಆದರೆ ಅದರ ಜೊತೆ ನಮ್ಮೂರಿಗೆ ಬಂದದ್ದು ಹರ್ಕ್ಯುಲಿಸ್ ಮತ್ತು ಫಿಲಿಪ್ಸ್.

ಬಡತನ ಕಾರಣವಾ?

"ನಾವು ಬಡವರು, ರೇಸ್ ಸೈಕಲ್ ಯಾರಿಗೆ ಬೇಕಿತ್ತು" ಅಂತ ಯಾರಾದರೂ ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಯುದ್ಧ ಮುಗಿದಾಗ ಇಟಲಿಯೂ ಬಡದೇಶವೇ. ವಿತ್ತೋರಿಯೋ ದೆ ಸಿಕಾನ 'ಬೈಸಿಕಲ್ ಥೀವ್ಸ್' 1948ರ ಸಿನಿಮಾ. ಸೈಕಲ್ ಕಳೆದುಹೋದರೆ ಪೋಸ್ಟರ್ ಅಂಟಿಸೋ ಕೆಲಸ ಹೋಯ್ತು, ಕೆಲಸ ಹೋದರೆ ಮನೆಯಲ್ಲಿ ಊಟ ಇಲ್ಲ. 1952ರಲ್ಲಿ ಮುಂಬೈನಿಂದ ಶುರುವಾದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಆ ಸಿನಿಮಾ ನೋಡಿದವರಿಗೆ ಕಥೆ ಅರ್ಥ ಆಗೋಕೆ ಸಬ್‌ಟೈಟಲ್ ಬೇಕಾಗಿರಲಿಲ್ಲ ಅನ್ಸುತ್ತೆ. ಅದು ನಮ್ಮದೇ ಬೀದಿ.

ಯುದ್ಧ ಎರಡೂ ದೇಶಗಳನ್ನ ಇನ್ನೊಂದು ರೀತಿ ಹತ್ತಿರ ತಂದಿತ್ತು. ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ಇಟಾಲಿಯನ್ ಸೈನಿಕರಲ್ಲಿ ಸಾವಿರಾರು ಜನರನ್ನ ಭಾರತಕ್ಕೆ ತಂದು ಇಟ್ಟರು. ಬೆಂಗಳೂರಿನ ಸುತ್ತಲೂ ಅವರ ಶಿಬಿರಗಳಿದ್ದವು. 1943ರಲ್ಲಿ ಟ್ಯುನೀಷಿಯಾದಲ್ಲಿ ಹೀಗೇ ಸೆರೆ ಸಿಕ್ಕ ಒಬ್ಬ ಸೈನಿಕ ಫೌಸ್ತೋ ಕೊಪ್ಪಿ. ಅದಕ್ಕೆ ಕೆಲವೇ ತಿಂಗಳ ಮೊದಲು, 1942ರ ನವೆಂಬರ್‌ನಲ್ಲಿ, ಮಿಲಾನ್‌ನ ವಿಗೊರೆಲ್ಲಿ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ಹೆಚ್ಚು ತುಳಿದು ವಿಶ್ವದಾಖಲೆ ಮಾಡಿದ್ದವನು. ಅವನನ್ನ ಆಫ್ರಿಕಾದಲ್ಲೇ ಇಟ್ಟರು, ಬೆಂಗಳೂರಿಗೆ ಬರಲಿಲ್ಲ. ಅವನ ಎದುರಾಳಿ ಜೀನೋ ಬಾರ್ತಾಲಿ ಅದೇ ವರ್ಷಗಳಲ್ಲಿ ಪ್ರಾಕ್ಟೀಸಿನ ನೆಪದಲ್ಲಿ ಊರೂರು ಸುತ್ತುತ್ತಾ, ಸೈಕಲ್ ಕೊಳವೆಯೊಳಗೆ ನಕಲಿ ಗುರುತುಪತ್ರ ತುಂಬಿಕೊಂಡು ಯಹೂದಿಗಳ ಜೀವ ಉಳಿಸೋಕೆ ನೆರವಾದ. ಸತ್ತು ಹದಿಮೂರು ವರ್ಷ ಆದಮೇಲೆ, 2013ರಲ್ಲಿ ಇಸ್ರೇಲ್ ಅವನನ್ನ ಗೌರವಿಸಿತು.

ಹಾಗಾದರೆ ಇಟಲಿಯಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಏನು? ನನಗೆ ಕಾಣೋದು ಮೂರು.

ಒಂದು, ಊರೂರು ದಾಟಿ ಹೋಗುವ ರೇಸು ಮತ್ತು ಅದನ್ನ ಬರೆಯೋ ಪತ್ರಿಕೆ. ಜೀರೋ ದಿತಾಲಿಯಾ ಶುರುವಾದದ್ದು 1909ರಲ್ಲಿ. ಶುರು ಮಾಡಿದ್ದೇ ಗುಲಾಬಿ ಕಾಗದದ ಪತ್ರಿಕೆ ಗಜ್ಜೆತ್ತಾ ದೆಲ್ಲೋ ಸ್ಪೋರ್ಟ್. ಪೋಸ್ಟರ್ ಅಂಟಿಸೋ ಬಡವನೂ ಸಂಜೆಗೆ ಯಾರು ಗೆದ್ದರು ಅಂತ ಕೇಳ್ತಿದ್ದ.

ಎರಡು, ರೇಸಿನವನೇ ಮಿಸ್ತ್ರಿ ಆಗೋದು. ತುಲ್ಲಿಯೋ ಕಂಪಾನ್ಯೋಲೋ ಕಥೆ ಪ್ರಸಿದ್ಧ. 1927ರ ನವೆಂಬರ್ 11ರಂದು, ಹಿಮ ಬೀಳ್ತಿದ್ದ ಕ್ರೋಚೆ ದಾವುನೆ ಘಾಟಿನಲ್ಲಿ ಗೇರ್ ಬದಲಿಸೋಕೆ ಹಿಂದಿನ ಗಾಲಿ ಬಿಚ್ಚಬೇಕಾಗಿತ್ತಂತೆ. ಆಗೆಲ್ಲ ಗಾಲಿ ತಿರುವಿ ಹಾಕಿದರೇ ಬೇರೆ ಗೇರು. ಚಳಿಗೆ ಬೆರಳು ಮರಗಟ್ಟಿ ನಟ್ಟು ತಿರುಗಲೇ ಇಲ್ಲ. "ಹಿಂದಗಡೆ ಏನಾದರೂ ಬದಲಾಯಿಸಬೇಕು" ಅಂದುಕೊಂಡ ಅಂತ ಹೇಳ್ತಾರೆ. ಕಥೆಗೆ ಉಪ್ಪು ಖಾರ ಎಷ್ಟು ಬಿದ್ದಿದೆಯೋ, ಅವನ ಹೆಸರಿಗೆ ಅಂಟಿಕೊಂಡದ್ದು ಮಾತ್ರ ಒಂದೇ ಹಿಡಿಕೆ ಎಳೆದು ಗಾಲಿ ತೆಗೆಯೋ ಕ್ವಿಕ್ ರಿಲೀಸ್. 1933ರಲ್ಲಿ ವಿಚೆಂಜಾದಲ್ಲಿ ಕಂಪನಿ. ಅದೇ ರೀತಿ ಚೀನೋ ಚಿನೆಲ್ಲಿ 1943ರ ಮಿಲಾನ್–ಸಾನ್ ರೆಮೋ ಗೆದ್ದವನು, ಆಮೇಲೆ ಹ್ಯಾಂಡಲ್ ಮತ್ತು ಫ್ರೇಮ್ ಮಾಡೋಕೆ ಕೂತ. ಫಾಲಿಯೆರೋ ಮಾಜಿಯ ವರ್ಕ್‌ಶಾಪು ವಿಗೊರೆಲ್ಲಿ ಟ್ರ್ಯಾಕಿನ ಗ್ಯಾಲರಿ ಅಡಿಯಲ್ಲೇ ಇತ್ತು. ಮೇಲೆ ತುಳಿಯೋದು, ಕೆಳಗೆ ಬೆಸುಗೆ. ಅರ್ನೆಸ್ತೋ ಕೊಲ್ನಾಗೋ 1954ರಲ್ಲಿ ಕಂಬಿಯಾಗೋ ಅನ್ನೋ ಸಣ್ಣ ಊರಿನಲ್ಲಿ ಪುಟ್ಟ ಅಂಗಡಿ ಹಾಕಿದ. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೋದಲ್ಲಿ ಗಂಟೆಗೆ 49.431 ಕಿಲೋಮೀಟರ್ ತುಳಿದದ್ದು ಅವನು ಮಾಡಿಕೊಟ್ಟ ಸೈಕಲ್ ಮೇಲೆ.

ಮೂರು, ಸಣ್ಣ ಅಂಗಡಿಗೂ ಒಳ್ಳೇ ಕೊಳವೆ ಸಿಗೋದು. ಒಬ್ಬ ಮಿಸ್ತ್ರಿ ಹತ್ತು ಫ್ರೇಮಿನ ಕೊಳವೆ ಬೇಕು ಅಂದರೂ ಕೊಲಂಬಸ್ ಕೊಡ್ತಿತ್ತು. ಬೇರೆಯವರ ಹೆಸರಿಗೆ ಫ್ರೇಮ್ ಕಟ್ಟಿಕೊಡೋ ಮಿಸ್ತ್ರಿಗಳೂ ಅಲ್ಲಿ ಬಹಳ ಇದ್ದರು. ನನ್ನ ಹೆಸರಿಲ್ಲದ ಫ್ರೇಮೂ ಅಂಥ ಯಾರೋ ಒಬ್ಬನ ಕೈಕೆಲಸ ಇರಬೇಕು. ಕೊಳವೆ ಸೇರೋ ಲಗ್ಗುಗಳನ್ನ ಅರದಿಂದ ಉಜ್ಜಿ ಕಾಗದದಷ್ಟು ತೆಳು ಮಾಡಿದ್ದಾನೆ. ಬಣ್ಣದ ಕೆಳಗೆ ಯಾರಿಗೂ ಕಾಣದ ಜಾಗದಲ್ಲೂ ಹಿತ್ತಾಳೆ ಬೆಸುಗೆ ಹನಿ ನಿಂತಿಲ್ಲ.

ನಮ್ಮಲ್ಲಿ ಕೈ ಇರಲಿಲ್ಲ ಅಂತಲ್ಲ. ಲುಧಿಯಾನದ ಸಣ್ಣ ಕಾರ್ಖಾನೆಗಳಲ್ಲಿ ಆ ಕೈ ಇತ್ತು. ಆದರೆ 1951ರ ಕೈಗಾರಿಕಾ ಕಾಯ್ದೆ ಬಂದ ಮೇಲೆ ದೊಡ್ಡ ಕಾರ್ಖಾನೆ ಏನು ಮಾಡಬೇಕು, ಎಷ್ಟು ಮಾಡಬೇಕು ಎಲ್ಲಕ್ಕೂ ಲೈಸೆನ್ಸು. ವಿದೇಶಿ ವಿನಿಮಯ ಇಲ್ಲ, ಆಟದ ಸೈಕಲ್ಲಿಗೆ ಆಮದು ಕೊಳವೆ ಯಾರು ಕೇಳಬೇಕು? ಸಣ್ಣ ಕಾರ್ಖಾನೆ ದೊಡ್ಡವರ ಅಚ್ಚಿಗೆ ಹೊಂದೋ ಬಿಡಿಭಾಗ ಮಾಡಿದರೇ ಅನ್ನ. ಬಲಗಡೆ ಕಪ್ಪು ಉಲ್ಟಾ, ಅಷ್ಟೇ.

ಹಾಗಂತ ಇಟಲಿ ಮುಂಬೈಗೆ ಬರಲೇ ಇಲ್ಲ ಅಂತಲ್ಲ. ಕುರ್ಲಾದಲ್ಲಿ ಪ್ರೀಮಿಯರ್‌ನವರು ಫಿಯಟ್ ಮಾಡಿದರು, ಅದೇ ಕಾಲಿ-ಪೀಲಿ ಟ್ಯಾಕ್ಸಿ ಆಯ್ತು. ಲ್ಯಾಂಬ್ರೆಟಾ ಸ್ಕೂಟರ್ ಮುಂಬೈನಲ್ಲಿ ಜೋಡಣೆ ಆಯ್ತು. ಆಕುರ್ಡಿಯಲ್ಲಿ ಬಜಾಜ್‌ನವರು ಪಿಯಾಜಿಯೋ ಲೈಸೆನ್ಸಿನಲ್ಲಿ ವೆಸ್ಪಾ ಮಾಡಿದರು. ಇಟಲಿಯ ಉಕ್ಕು ಟ್ಯಾಕ್ಸಿಯಾಗಿ, ಸ್ಕೂಟರಾಗಿ ಬಂತು. ಸೈಕಲ್ಲಾಗಿ ಬರಲಿಲ್ಲ.

ಆದರೂ ರೇಸು ಇತ್ತು

ಯಂತ್ರ ಇರಲಿಲ್ಲ, ಆದರೆ ತುಳಿಯೋರು ಇದ್ದರು. ಇದೇ ಮುಂಬೈನಿಂದ 1923ರ ಅಕ್ಟೋಬರ್‌ನಲ್ಲಿ ಆರು ಜನ ಪಾರ್ಸಿ ಹುಡುಗರು ಸೈಕಲ್ ಮೇಲೆ ಲೋಕ ಸುತ್ತೋಕೆ ಹೊರಟರು. ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಮೂವರು ಸುಮಾರು 71,000 ಕಿಲೋಮೀಟರ್ ಮುಗಿಸಿ 1928ರಲ್ಲಿ ವಾಪಸ್ ಬಂದರು. 1938ರಲ್ಲಿ ಸಿಡ್ನಿಯ ಎಂಪೈರ್ ಗೇಮ್ಸ್‌ಗೆ ಜಾನಕೀದಾಸ್ ಹೋದರು. ಹೌದು, ಆಮೇಲೆ ಹಿಂದಿ ಸಿನಿಮಾಗಳಲ್ಲಿ ಕಾಣಿಸಿಕೊಂಡ ಅದೇ ನಟ. 1946ರಲ್ಲಿ ರಾಷ್ಟ್ರೀಯ ಸೈಕ್ಲಿಂಗ್ ಫೆಡರೇಷನ್, 1948ರ ಲಂಡನ್ ಒಲಿಂಪಿಕ್ಸ್‌ಗೆ ತಂಡ. ಆ ತಂಡದ ಪಟ್ಟಿ ನೋಡಿದರೆ ಬಹಳಷ್ಟು ಹೆಸರು ಮುಂಬೈನ ಪಾರ್ಸಿಗಳದ್ದು.

ಮತ್ತು 1945ರಿಂದ ಮುಂಬೈ–ಪುಣೆ ರೇಸು. ನಮ್ಮ ದೇಶದ ಹಳೇ ರಸ್ತೆ ರೇಸುಗಳಲ್ಲಿ ಇದು ಒಂದು. ಸುಮಾರು 150 ಕಿಲೋಮೀಟರ್, ನಡುವೆ ಬೋರ್ ಘಾಟು. ಘಾಟು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಅನ್ನೋ ಬಿರುದು. ನಾವು ಠಾಣೆಯವರಿಗೆ ಇದರಲ್ಲಿ ಒಂದು ಪಾಲಿದೆ. 1970ರ ದಶಕದ ಆರಂಭದಲ್ಲಿ ವಾಶಿಯ ಸೇತುವೆ ಆಗೋತನಕ ಮುಂಬೈನಿಂದ ಪುಣೆಗೆ ರಸ್ತೆ ಮೇಲೆ ಹೋಗೋರು ಠಾಣೆಗೆ ಬಂದು, ಕಳವಾ ದಾಟಿ, ಮುಂಬ್ರಾ, ಶೀಳ್, ಪನ್ವೇಲ್ ಅಂತಲೇ ಹೋಗಬೇಕಿತ್ತು. ಬೇರೆ ದಾರಿ ಇರಲಿಲ್ಲ.

ಬೋರ್ ಘಾಟಿನ ರಸ್ತೆ ಗಾಡಿಗಳಿಗೆ ತೆರೆದದ್ದು 1830ರಲ್ಲಿ, ಗವರ್ನರ್ ಜಾನ್ ಮಾಲ್ಕಮ್ ಕಾಲ. ಹಳೇ ರಸ್ತೆಯಲ್ಲಿ ಹೋದವರು ಶಿಂಗ್ರೋಬಾ ಗುಡಿ ನೋಡಿರ್ತೀರಿ. ಬ್ರಿಟಿಷ್ ಎಂಜಿನಿಯರುಗಳಿಗೆ ಘಾಟಿನ ದಾರಿ ತೋರಿಸಿದ್ದು ಶಿಂಗ್ರೋಬಾ ಅನ್ನೋ ಧನಗರ, ಅಂದರೆ ನಮ್ಮ ಕಡೆ ಹೇಳೋ ಹಾಗೆ ಕುರುಬರವನು, ದಾರಿ ಸಿಕ್ಕ ಮೇಲೆ ಅವನನ್ನೇ ಕೊಂದರು ಅಂತ ಅಲ್ಲಿಯ ಜನ ಹೇಳ್ತಾರೆ. ಈಗಲೂ ಡ್ರೈವರುಗಳು ಅಲ್ಲಿ ನಾಣ್ಯ ಹಾಕ್ತಾರೆ.

ಈ ರೇಸಿಗೆ ನಮ್ಮ ಕಡೆಯಿಂದಲೂ ಹುಡುಗರು ಬರ್ತಿದ್ದರು, ಈಗಲೂ ಬರ್ತಾರೆ. ಕರ್ನಾಟಕದ ಸೈಕ್ಲಿಂಗ್ ಅಂದರೆ ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆ ಸೀಮೆ. ಬೆಂಗಳೂರಿನ ಲೈಕ್ರಾ ಹಾಕಿದ ನಮ್ಮಂಥ ಐಟಿಯವರು ಬಂದದ್ದು ಬಹಳ ಆಮೇಲೆ. ಅಲ್ಲಿ ಜಾತ್ರೆಗೆ ಕುಸ್ತಿ ಇದ್ದ ಹಾಗೆ ಸೈಕಲ್ ರೇಸು. ಆಮೇಲೆ ಕ್ರೀಡಾ ಹಾಸ್ಟೆಲ್ಲುಗಳು ಬಂದವು. ಒಕ್ಕಲುತನದ ಮನೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತಂದರು. ಪದಕದ ಹಿಂದೆ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ ಇರುತ್ತೆ ಅನ್ನೋ ಲೆಕ್ಕವೂ ಇತ್ತು. ನಮಗೆ ಬಿ.ಇ., ಎಂ.ಟೆಕ್. ಇದ್ದ ಹಾಗೆ ಅವರಿಗೆ ಅದು.

ನಮ್ಮ ಕಾಕಾ ಆ ಹಾಸ್ಟೆಲ್ಲಿನ ಮೊದಲಿನ ಕಾಲದವರು. 1970ರ ದಶಕದ ಕೊನೆಯಲ್ಲಿ ಒಂದು ಸಲ ಮುಂಬೈ–ಪುಣೆಗೆ ಬಂದಿದ್ದರು. ಸೈಕಲ್ಲು ಮಿರಜದ ತನಕ ಬಸ್ಸಿನ ಟಾಪಿನ ಮೇಲೆ, ಅಲ್ಲಿಂದ ರೈಲಿನಲ್ಲಿ. ಯಾವ ಸೈಕಲ್ಲು? ಅದೇ ಅಪ್ಪ-ಹಾಲು-ಮಗು ಸೈಕಲ್ಲು. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಚೈನ್ ಕವರ್ ಎಲ್ಲ ಬಿಚ್ಚಿ, ಹ್ಯಾಂಡಲ್ ತಲೆಕೆಳಗು ಮಾಡಿ, ಕಡ್ಡಿ ಬ್ರೇಕು ತೆಗೆದು ಬೇರೆ ಬ್ರೇಕು ಹಾಕಿದ 'ರೇಸ್ ಗಾಡಿ'. ಒಂದೇ ಗೇರು. ಘಾಟಿನಲ್ಲಿ ಅರ್ಧ ಏರಿದ ಮೇಲೆ ಎಡಗಡೆ ಕ್ರ್ಯಾಂಕಿನ ಕಾಟರ್ ಪಿನ್ನು ಸಡಿಲಾಗಿ ಪೆಡಲ್ ಲಟಲಟ ಅಂತು. ಕಲ್ಲು ತಗೊಂಡು ಬಡಿದು ಮತ್ತೆ ಹತ್ತಿದರು, ಮತ್ತೆ ಸಡಿಲ. ಕೊನೆಗೆ ನಡೆದುಕೊಂಡು ಖಂಡಾಳಾ ಮುಟ್ಟಿದರು. ಇದು ನಮ್ಮ ಮನೆಯಲ್ಲಿ ಗಣಪತಿ ಹಬ್ಬಕ್ಕೊಮ್ಮೆ ಬರೋ ಕಥೆ.

ಕಾಟರ್ ಪಿನ್ನು ಗೊತ್ತಿಲ್ಲದವರಿಗೆ: ಕ್ರ್ಯಾಂಕನ್ನ ಆ್ಯಕ್ಸಲ್ಲಿಗೆ ಹಿಡಿದಿಡೋ ಬೆಣೆ ಅದು. ಸುತ್ತಿಗೆಯಿಂದ ಹೊಡೆದು ಕೂರಿಸಿ ನಟ್ಟು ಹಾಕ್ತಾರೆ. ಇಟಲಿಯ ಒಳ್ಳೇ ರೇಸ್ ಸೈಕಲ್ಲುಗಳಿಂದ ಅದು 1960ರ ದಶಕದಲ್ಲೇ ಹೋಗಿ ಚೌಕ ಆ್ಯಕ್ಸಲ್ಲು, ಬೋಲ್ಟು ಬಂದಿತ್ತು.

ಈಗ ನನ್ನ ಪ್ರಬಂಧದ ವಾದ ನಿಮಗೆ ಗೊತ್ತಾಗಿರಬೇಕು. ವಿಡಿಯೋಗೆ ಸ್ಕ್ರಿಪ್ಟ್ ಬರೆದಾಗ ಕೊನೆಯ ಸಾಲು ಹೀಗಿತ್ತು: ಕಾಕಾನ್ನ ಘಾಟಿನಲ್ಲಿ ಸೋಲಿಸಿದ್ದು ಎದುರಾಳಿಯಲ್ಲ, ಬರ್ಮಿಂಗ್‌ಹ್ಯಾಮ್ ಮತ್ತು ದಿಲ್ಲಿ.

ಕಾಕಾ ಬಂದರು

ಹೋದ ಡಿಸೆಂಬರ್‌ನಲ್ಲಿ ಕಾಕಾ ಕಣ್ಣಿನ ಆಪರೇಷನ್ನಿಗೆ ನಮ್ಮ ಮನೆಗೆ ಬಂದರು. ಎಪ್ಪತ್ತು ದಾಟಿದೆ. ಅಷ್ಟರಲ್ಲಿ ಸೈಕಲ್ ತಯಾರಾಗಿತ್ತು. ಆ ಬಲಗಡೆ ಕಪ್ಪನ್ನ ಎರಡು ದಿನ ಎಣ್ಣೆ ಕುಡಿಸಿ, ನಾನು ಬಿಗಿ ಮಾಡಿದ್ದನ್ನ ನಾನೇ ಬಿಚ್ಚಿದ್ದೆ. ಒಳಗಿನ ತುಕ್ಕಿಗೆ ಆಕ್ಸಾಲಿಕ್ ಆಸಿಡ್, ಹಿಂದಿನ ಗಾಲಿಗೆ ಹಳೇ 126 ಮಿಲಿಮೀಟರಿನ ಹಬ್ಬು, ಆರು ಹಲ್ಲುಚಕ್ರದ ಫ್ರೀವ್ಹೀಲು. ಗಾಲಿಗಳ ಔಟ್ ತೆಗೆದುಕೊಟ್ಟಿದ್ದು ಇಲ್ಲೇ ಕಳವಾದ ಒಬ್ಬ ಮಿಸ್ತ್ರಿ. ಯಂತ್ರ ಇಲ್ಲ, ಬ್ರೇಕ್ ರಬ್ಬರಿಗೆ ಹೆಬ್ಬೆರಳು ತಾಗಿಸಿ ಕಣ್ಣಳತೆಯಲ್ಲಿ ಹತ್ತೇ ನಿಮಿಷ.

ಕಾಕಾ ಮೊದಲು ಒಂದೇ ಕೈಯಲ್ಲಿ ಎತ್ತಿದರು. ಸುಮಾರು ಹತ್ತು ಕಿಲೋ. ಅವರ ರೋಡ್‌ಸ್ಟರಿನ ಹೆಚ್ಚುಕಡಿಮೆ ಅರ್ಧ. ಏನೂ ಮಾತಾಡಲಿಲ್ಲ. ಉಗುರಿನಿಂದ ಕೊಳವೆ ನಡುವೆ ಟಣ್ ಅಂತ ಹೊಡೆದರು, ಆಮೇಲೆ ತುದಿಯಲ್ಲಿ ಹೊಡೆದರು. ಸದ್ದು ಬೇರೆ ಬೇರೆ.

"ನಡುವು ತೆಳ್ಳಗ ಐತಿ" ಅಂದರು. 0.9, 0.6 ಅಂತ ನಾನು ತಿಂಗಳುಗಟ್ಟಲೆ ಓದಿ ತಿಳಿದದ್ದು.

ಡಾಕ್ಟರು ತುಳಿಯೋಕೆ ಬಿಡಲಿಲ್ಲ. ಸೊಸೈಟಿ ಪಾರ್ಕಿಂಗಿನಲ್ಲಿ ನಾನು ತುಳಿದೆ, ಅವರು ಪಿಲ್ಲರ್ ಪಕ್ಕ ನಿಂತು ಕೇಳಿದರು. ಎರಡನೇ ಸುತ್ತಿಗೆ ಕೈ ಮಾಡಿ ನಿಲ್ಲಿಸಿದರು.

"ಬಲಗಡೆ ಕಪ್ಪು ಸಡ್ಲ ಐತಿ ನೋಡು ತಮ್ಮಾ. ಕಟ್ ಕಟ್ ಅನ್ನಾಕತ್ತೈತಿ."

ನನಗೆ ಕೇಳಿಸಿರಲಿಲ್ಲ. ಪಾನಾ ಹಚ್ಚಿ ನೋಡಿದರೆ ನಿಜಕ್ಕೂ ಸಡಿಲ. ಅದು ನೇರ ಥ್ರೆಡ್ಡು, ಇಟಲಿಯವರದ್ದು ಹಂಗೇ ಅಂತ ವಿವರಿಸಿದೆ. ಅವರಿಗೆ ಬಹಳ ನಗು ಬಂತು.

"ಇಷ್ಟ್ ಶಾಣ್ಯಾ ಮಂದಿ, ಇದೊಂದ್ ತಿಳೀಲಿಲ್ಲೇನು ಅವ್ರಿಗೆ?"

ಅವತ್ತು ರಾತ್ರಿ ಊಟ ಆದಮೇಲೆ ಸ್ಕ್ರಿಪ್ಟ್ ಓದಿ ಹೇಳಿದೆ. ಟಿಐ, ಲೈಸೆನ್ಸು, ಕೊಪ್ಪಿ, ಬಾರ್ತಾಲಿ ಎಲ್ಲ ಕೇಳಿದರು. ಬಾರ್ತಾಲಿ ಕಥೆ ಎರಡು ಸಲ ಹೇಳಿಸಿಕೊಂಡರು. ಕೊನೆಯ ಸಾಲಿಗೆ ಬಂದಾಗ ತಲೆ ಅಲ್ಲಾಡಿಸಿದರು.

"ಅದನ್ನ ತಗದ್ ಹಾಕು."

"ಯಾಕ್ರೀ ಕಾಕಾ? ಖರೇನ ಅಲ್ಲೇನ್ರಿ?"

"ಗಾಡಿ ಭಾರ ಇತ್ತು, ಖರೆ. ಮುಂದ ಹೋದವ್ರ ಹಂತ್ಯಾಕ ಗೇರಿನ ಗಾಡಿ ಇದ್ವು, ಅದೂ ಖರೆ. ಆದ್ರ ಆ ಪಿನ್ನು ಹಿಂದಿನ ರಾತ್ರಿ ಬಡದಾಂವ ನಾನ. ಮುಂಬೈ ನೋಡೂ ಗಡಿಬಿಡ್ಯಾಗ ನಟ್ ಪೂರಾ ಬಿಗೀಲಿಲ್ಲ. ಅದನ್ನ ಬ್ರಿಟಿಷರ ತಲಿಗೆ ಕಟ್ಟಬ್ಯಾಡ."

ನಲವತ್ತೈದು ವರ್ಷಕ್ಕೂ ಹೆಚ್ಚು ಈ ಕಥೆ ನಮ್ಮ ಮನೆಯಲ್ಲಿ ನಡೆದಿದೆ. ಈ ಒಂದು ಸಾಲು ಯಾವತ್ತೂ ಬಂದಿರಲಿಲ್ಲ. ಇತಿಹಾಸದಲ್ಲಿ ಕಾರಣ ಹುಡುಕುವಾಗ ನಾವು ದೊಡ್ಡ ಕಾರಣಗಳನ್ನೇ ಇಷ್ಟಪಡ್ತೀವಿ. ದೊಡ್ಡ ಕಾರಣಗಳು ಸುಳ್ಳಲ್ಲ. ಕಾಕಾನ ಕೈಗೆ ಕಾಟರ್ ಪಿನ್ನಿನ ಸೈಕಲ್ ಕೊಟ್ಟದ್ದು ಬರ್ಮಿಂಗ್‌ಹ್ಯಾಮೇ, ಬೇರೆ ಸಿಗದ ಹಾಗೆ ನೋಡಿಕೊಂಡದ್ದು ದಿಲ್ಲಿಯೇ. ಆದರೆ ಆ ನಟ್ಟು ಅವರದ್ದು. ಅದನ್ನೂ ಕಿತ್ತುಕೊಂಡು ನನ್ನ ವಾದಕ್ಕೆ ಸೇರಿಸಿಕೊಂಡರೆ ಕಥೆಯಲ್ಲಿ ಅವರೇ ಇರೋದಿಲ್ಲ, ಬರೀ ಒಂದು ಉದಾಹರಣೆ ಉಳಿಯುತ್ತೆ. ಅದಕ್ಕೇ ಆ ಸಾಲು ತೆಗೆದಿದ್ದೇನೆ, ಯಾಕೆ ತೆಗೆದೆ ಅನ್ನೋದನ್ನ ಅವರ ಒಪ್ಪಿಗೆ ಕೇಳಿ ಇಲ್ಲಿ ಬರೆದಿದ್ದೇನೆ.

ಮುಂದೇನಾಯ್ತು ಅಂತ ಬೇಗ ಹೇಳಿ ಮುಗಿಸ್ತೀನಿ. ವರಳಿಯ ಹಿಂದ್ ಸೈಕಲ್ಸ್ ಮತ್ತು ಅಸನ್ಸೋಲಿನ ಸೆನ್-ರ‍್ಯಾಲೇ ಎರಡೂ ನಷ್ಟಕ್ಕೆ ಬಿದ್ದು, 1980ರ ಒಂದು ಕಾಯ್ದೆಯಿಂದ ಸರಕಾರದ ಪಾಲಾದವು, ಆಮೇಲೆ ನಿಂತವು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ, ಅವತ್ತು ವಿಶ್ವ ಸೈಕಲ್ ದಿನ. ಇಟಲಿಯಲ್ಲೂ ರೇಸಿನವರು 1990ರ ದಶಕದಲ್ಲಿ ಉಕ್ಕು ಬಿಟ್ಟು ಅಲ್ಯೂಮಿನಿಯಂ, ಆಮೇಲೆ ಕಾರ್ಬನ್‌ಗೆ ಹೋದರು. ವಿಜಯಪುರದ ಹುಡುಗರೂ ಈಗ ಕಾರ್ಬನ್ ಮೇಲೇ ರೇಸು ಆಡೋದು. ಒಂದೊಂದಕ್ಕೆ ಲಕ್ಷಗಟ್ಟಲೆ, ಆ ದುಡ್ಡು ಹೊಂದಿಸೋದು ಅವರ ಮನೆಯವರಿಗೆ ಈಗಲೂ ಒಂದು ಘಾಟೇ.

ಜನವರಿಯಲ್ಲಿ ಒಂದು ಭಾನುವಾರ ಬೆಳಗಿನ ನಾಲ್ಕೂವರೆಗೆ ಮಾಜಿವಾಡಾ ಬಿಟ್ಟು, ಕಳವಾ, ಮುಂಬ್ರಾ, ಪನ್ವೇಲ್ ಮೇಲೆ ಹಳೇ ದಾರಿಯಲ್ಲೇ ಹೋಗಿ ಬೋರ್ ಘಾಟು ಹತ್ತಿದೆ. ಗೇರ್ ಇದ್ದರೂ ಶಿಂಗ್ರೋಬಾ ಗುಡಿ ಹತ್ತಿರ ಇಳಿದು ನಿಂತೆ. ಉಸಿರು ಹತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ನಾಣ್ಯ ಹಾಕಿ ಕಾಕಾಗೆ ವಿಡಿಯೋ ಕಾಲ್ ಮಾಡಿದೆ. ಅವರು ಘಾಟು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಕ್ಯಾಮೆರಾ ತಳಗ ಹಿಡಿ. ಕಪ್ಪು ತೋರ್ಸು" ಅಂದರು.

ತೋರಿಸಿದೆ. ಬಿಗಿಯಾಗಿತ್ತು.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನ ಅವರ ಸೈಕಲ್ ಯಾವುದಿತ್ತು, ಎಲ್ಲೆಲ್ಲಿಗೆ ಹೋಗಿದ್ದರು ಅಂತ ಕೇಳಿ. ಕೇಳಿ ಸುಮ್ಮನೆ ಕೂತುಕೊಳ್ಳಿ, ನಿಮ್ಮ ಥಿಯರಿ ಮೊದಲೇ ಹೇಳಬೇಡಿ. ನಾನು ಆ ತಪ್ಪು ಮಾಡಿದೆ. ಮತ್ತೆ ಸಿಗೋಣ, ನಮಸ್ಕಾರ.